"ಅಪ್ಪ ಬೇಡ, ಅಮ್ಮ ಬೇಕು": ಚಿಕ್ಕ ಮಕ್ಕಳ ಅಪ್ಪಂದಿರೇ, ಸ್ವಲ್ಪ ಮಾತಾಡೋಣ

ಇಬ್ಬರು ಮಕ್ಕಳ ಅಪ್ಪ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ.

ನನಗೆ ಇಬ್ಬರು ಮಕ್ಕಳು. ಮಗಳಿಗೆ ಎರಡೂವರೆ ವರ್ಷ, ಮಗನಿಗೆ ನಾಲ್ಕು ತಿಂಗಳು. ಸಂಜೆ ಬಂದು ಮುದ್ದು ಮಾಡಿ ಪಕ್ಕಕ್ಕೆ ಸರಿಯುವ ಅಪ್ಪ ನಾನಾಗಬಾರದು ಅಂತ ಮಗಳು ಹುಟ್ಟುವ ಮೊದಲೇ ತೀರ್ಮಾನ ಮಾಡಿದ್ದೆ. ಹಾಗೇ ನಡೆದುಕೊಂಡೆ ಕೂಡ. ಸ್ನಾನ, ಡೈಪರ್, ಲಸಿಕೆ, ರಾತ್ರಿ ಎದ್ದಾಗ ಎತ್ತಿಕೊಂಡು ಓಡಾಡುವುದು, ಎಲ್ಲದರಲ್ಲೂ ಇದ್ದೆ. ಅವಳ ಉಗುರು ಮೊದಲ ಸಲ ಕತ್ತರಿಸಿದ್ದು ನಾನೇ. ಅವಳು ನಿದ್ದೆಯಲ್ಲಿದ್ದಳು. ಕಿಟಕಿ ಪಕ್ಕ ಬೆಳಕಿಗೆ ಕೂತು, ಒಂದೊಂದೇ ಬೆರಳನ್ನು ನನ್ನ ಎರಡು ಬೆರಳ ನಡುವೆ ಹಿಡಿದು ಕತ್ತರಿಸಿದೆ. ಕಾಗದಕ್ಕಿಂತ ತೆಳುವಾದ ಉಗುರು. ಹತ್ತು ಬೆರಳಿಗೆ ಮುಕ್ಕಾಲು ಗಂಟೆ ಬೇಕಾಯಿತು. ಉಸಿರು ಬಿಗಿಹಿಡಿದೇ ಕೂತಿದ್ದೆ.

ಮೊನ್ನೆ ರಾತ್ರಿ ಎರಡು ಗಂಟೆಗೆ ಅದೇ ಮಗಳು ಅಳುತ್ತಾ ಎದ್ದಳು. ಹೆಂಡತಿ ಮಗನಿಗೆ ಹಾಲು ಕುಡಿಸುತ್ತಿದ್ದಳು. ನಾನು ಎತ್ತಿಕೊಳ್ಳಲು ಹೋದೆ. ಎರಡೂ ಅಂಗೈ ನನ್ನ ಎದೆಗೆ ಕೊಟ್ಟು ಜೋರಾಗಿ ತಳ್ಳಿದಳು. "ಅಪ್ಪ ಬೇಡ! ಅಪ್ಪ ಹೋಗು! ಅಮ್ಮ ಬೇಕು!" ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಕಿರುಚಿದಳು. ಹಾಡಿದೆ, ನೀರು ಕೊಟ್ಟೆ, ಅವಳ ಬಟ್ಟೆ ಗೊಂಬೆ ಕೊಟ್ಟೆ. ಗೊಂಬೆಯನ್ನೂ ಎಸೆದಳು. ಕೊನೆಗೆ ಹೆಂಡತಿ ಮಗನನ್ನು ನನ್ನ ಕೈಗೆ ಕೊಟ್ಟು ಅವಳ ಪಕ್ಕ ಮಲಗಿದಳು. ಎರಡೇ ನಿಮಿಷ, ನಿದ್ದೆ ಬಂತು.

ನಾನು ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಪಕ್ಕದ ಕೋಣೆಯಲ್ಲಿ ಕತ್ತಲಲ್ಲಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಇದು ಒಂದು ದಿನದ ಮಾತಲ್ಲ, ಮೂರು ತಿಂಗಳಿಂದ ನಡೆಯುತ್ತಿದೆ. ಹಗಲಲ್ಲೂ ಚಪ್ಪಲಿ ಹಾಕಲು ನಾನು ಹೋದರೆ ಕಾಲು ಎಳೆದುಕೊಳ್ಳುತ್ತಾಳೆ. ಆಫೀಸಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ನಿಮ್ಮ ಮನೆಗಳಲ್ಲಿ ಹೀಗಾಗಿದೆಯಾ? ಆ ಹೊತ್ತಿನಲ್ಲಿ ಏನು ಮಾಡಿದಿರಿ? ಅಪ್ಪಂದಿರು, ಅಮ್ಮಂದಿರು ಎಲ್ಲರೂ ಹೇಳಿ.

ಸಂಜೆಮಲ್ಲಿಗೆ

ನಮ್ಮ ಮನೆಯಲ್ಲಿ ಇದು ಉಲ್ಟಾ ಆಗಿತ್ತು. ದೊಡ್ಡವನಿಗೆ ಎರಡು ವರ್ಷ ತುಂಬಿದ ಮೇಲೆ ಸುಮಾರು ಒಂದು ವರ್ಷ ಅಪ್ಪನೇ ಬೇಕು. ನಾನು ತಟ್ಟೆ ಹಿಡಿದು ಹೋದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಹೆತ್ತವಳು ನಾನು, ನನ್ನನ್ನೇ ಬೇಡ ಅಂತಾನಲ್ಲ ಅಂತ ಎಷ್ಟು ಅತ್ತಿದ್ದೇನೋ. ಹಾಗಾಗಿ ನಿಮ್ಮ ಹೊಟ್ಟೆಯ ಸಂಕಟ ನನಗೆ ಪೂರ್ತಿ ಗೊತ್ತು.

ಈ ವಯಸ್ಸಿನಲ್ಲಿ ಒಬ್ಬರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ತುಂಬಾ ಸಾಮಾನ್ಯ. ಅದು ಬದಲಾಗುತ್ತಲೂ ಇರುತ್ತದೆ. ಒಂದು ವಿಷಯ ಕೇಳಬೇಕು. ಮೂರು ತಿಂಗಳಿಂದ ಅಂದಿರಿ. ಮಗನಿಗೆ ನಾಲ್ಕು ತಿಂಗಳು. ತಮ್ಮ ಬಂದ ಮೇಲೆ ಶುರುವಾಯಿತಾ ಇದು?

ನೇರ ಮಾತು

ತಪ್ಪು ತಿಳಿಯಬೇಡಿ, ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಅಮ್ಮ ಅಮ್ಮನೇ. ಪ್ರಕೃತಿಯೇ ಹಾಗೆ ಮಾಡಿದೆ. ಎಳೆ ಮಗುವನ್ನು ನೋಡಿಕೊಳ್ಳಲು ಬೇಕಾದ್ದು ಹೆಣ್ಣಿನ ದೇಹದಲ್ಲೇ ಇದೆ, ನಮ್ಮಲ್ಲಿ ಇಲ್ಲ. ನೀವು ಇಷ್ಟು ಮನಸ್ಸಿಗೆ ಹಚ್ಚಿಕೊಂಡರೆ ನೋವು ಜಾಸ್ತಿ. ಐದಾರು ವರ್ಷ ಆಗಲಿ, ಆಟ, ಸೈಕಲ್ಲು, ಈಜು ಅಂತ ತಾನಾಗಿಯೇ ನಿಮ್ಮ ಹಿಂದೆ ಬರುತ್ತಾಳೆ. ಅಲ್ಲಿಯವರೆಗೆ ಹೆಂಡತಿಗೆ ಬಿಟ್ಟುಬಿಡಿ.

ಕಾಗದದ ದೋಣಿ

@ನೇರ ಮಾತು, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ "ನಮ್ಮ ದೇಹದಲ್ಲಿ ಇಲ್ಲ" ಅನ್ನುವುದು ಸರಿಯಲ್ಲ. ಮೊದಲ ಮಗು ಬರುವ ಮೊದಲು ನಾನೂ ಹಾಗೇ ನಂಬಿದ್ದೆ. ಆಮೇಲೆ ಓದಲು ಶುರು ಮಾಡಿದೆ.

ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಆರುನೂರಕ್ಕೂ ಹೆಚ್ಚು ಯುವಕರನ್ನು ಹಲವು ವರ್ಷ ಗಮನಿಸಿ ಮಾಡಿದ ಅಧ್ಯಯನ ಒಂದಿದೆ. ಲೀ ಗೆಟ್ಲರ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದರು. ಮದುವೆಯಾಗಿ ಅಪ್ಪ ಆದವರ ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಹಾರ್ಮೋನ್) ಮಟ್ಟ ಚೆನ್ನಾಗಿಯೇ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುವ ಅಪ್ಪಂದಿರಲ್ಲಿ, ಹಾಗೆ ನೋಡಿಕೊಳ್ಳದ ಅಪ್ಪಂದಿರಿಗಿಂತ ಅದು ಕಡಿಮೆ ಇತ್ತು. ಇದು ದೇಹ ಸೋತದ್ದಲ್ಲ. ಮಗುವಿನ ಕಡೆಗೆ ದೇಹ ತಾನಾಗಿ ತಿರುಗಿಕೊಂಡದ್ದು. ಹಾಗೇ ಇಸ್ರೇಲಿನ ರೂತ್ ಫೆಲ್ಡ್‌ಮನ್ ಅವರ ತಂಡ ಹೊಸದಾಗಿ ಹೆತ್ತವರನ್ನು ನೋಡಿದಾಗ, ಮೊದಲ ತಿಂಗಳುಗಳಲ್ಲಿ ಅಮ್ಮ ಅಪ್ಪ ಇಬ್ಬರ ರಕ್ತದಲ್ಲೂ ಆಕ್ಸಿಟೋಸಿನ್, ಅಂದರೆ ನಂಟು ಬೆಸೆಯುವ ಹಾರ್ಮೋನ್, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

ಬಸಿರು ಇಲ್ಲ, ಬಾಣಂತನ ಇಲ್ಲ, ಹಾಲು ಇಲ್ಲ, ನಿಜ. ನಮ್ಮ ದೇಹ ಮಗುವನ್ನು ಕಲಿಯುವುದು ಕೈಯಿಂದ. ಎತ್ತಿಕೊಂಡಷ್ಟೂ ಕಲಿಯುತ್ತದೆ. ಐದು ವರ್ಷ ಬಿಟ್ಟು ಶುರು ಮಾಡಿದರೆ ಆ ಪಾಠ ಎಲ್ಲಿಂದ ಬರಬೇಕು?

ಮಕ್ಕಳ ವಾರ್ಡಿನ ನರ್ಸಮ್ಮ

ಹದಿನೆಂಟು ವರ್ಷದಿಂದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಸಂಜೆಮಲ್ಲಿಗೆ ಅವರು ಕೇಳಿದ ಪ್ರಶ್ನೆಯೇ ನನ್ನದೂ.

ಸಾಮಾನ್ಯವಾಗಿ ಎಂಟು ತಿಂಗಳ ಆಸುಪಾಸಿನಲ್ಲಿ ಮಗು ತನ್ನವರು ಕಣ್ಮರೆಯಾದರೆ ಅಳಲು ಶುರು ಮಾಡುತ್ತದೆ. ಒಂದು, ಒಂದೂವರೆ ವರ್ಷದ ಹೊತ್ತಿಗೆ ಅದು ಜೋರಾಗಿರುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ಮನೆಗೆ ಹೊಸ ಮಗು ಬಂದಾಗ ಅದು ಮತ್ತೆ ತಲೆ ಎತ್ತುತ್ತದೆ. ನಿಮ್ಮ ಮಗಳ ಕಣ್ಣಿಂದ ನೋಡಿ. ನಿನ್ನೆಯವರೆಗೆ ಅಮ್ಮನ ಮಡಿಲು ಅವಳದ್ದು. ಈಗ ಅಲ್ಲಿ ಇನ್ನೊಬ್ಬ ಮಲಗಿದ್ದಾನೆ, ದಿನಕ್ಕೆ ಎಂಟು ಹತ್ತು ಸಲ. ಅವಳು ಕಳೆದುಕೊಂಡದ್ದು ಅಮ್ಮನನ್ನು. ನಿಮ್ಮನ್ನು ಕಳೆದುಕೊಂಡಿಲ್ಲ. ನೀವು ಇದ್ದೇ ಇರುತ್ತೀರಿ ಅನ್ನುವ ಧೈರ್ಯ ಇರುವುದರಿಂದಲೇ ನಿಮ್ಮನ್ನು ತಳ್ಳುತ್ತಾಳೆ. ಗೊತ್ತಿಲ್ಲದವರನ್ನು ಮಗು ಹೀಗೆ ತಳ್ಳುವುದಿಲ್ಲ, ಮುಖ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು, ಇದು ಎಲ್ಲ ಅಪ್ಪಂದಿರಿಗೂ. ಎಳೆ ಮಗುವಿನ ಅಳು ಮೊದಲ ವಾರಗಳಲ್ಲಿ ಏರುತ್ತಾ ಹೋಗಿ ಆರನೇ ವಾರದ ಸುಮಾರಿಗೆ ತುಂಬಾ ಜಾಸ್ತಿ ಆಗುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹೊಟ್ಟೆ ತುಂಬಿದೆ, ಡೈಪರ್ ಒಣಗಿದೆ, ಜ್ವರ ಇಲ್ಲ, ಆದರೂ ಗಂಟೆಗಟ್ಟಲೆ ಅಳಬಹುದು. ಅಂಥ ಹೊತ್ತಿನಲ್ಲಿ ಕೈ ನಡುಗುವಷ್ಟು ಕೋಪ ಬಂದರೆ ಮಗುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಬಾಗಿಲು ಎಳೆದುಕೊಂಡು, ಐದು ಹತ್ತು ನಿಮಿಷ ಹೊರಗೆ ಬನ್ನಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಅಲುಗಾಡಿಸಿದರೆ ಮಿದುಳಿಗೇ ಪೆಟ್ಟು ಬೀಳುತ್ತದೆ. ಯಾವತ್ತೂ, ಯಾವ ಕಾರಣಕ್ಕೂ ಮಗುವನ್ನು ಅಲುಗಾಡಿಸಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಇಬ್ಬರು ಮಕ್ಕಳ ಅಪ್ಪ

ನರ್ಸಮ್ಮ, ಸಂಜೆಮಲ್ಲಿಗೆ, ಇಬ್ಬರಿಗೂ ನಮಸ್ಕಾರ. ಹೌದು. ಮಗ ಹುಟ್ಟಿದ ಮೂರು ನಾಲ್ಕು ವಾರಕ್ಕೆ ಶುರುವಾಗಿದ್ದು. ನಾನು ಅದನ್ನು ಜೋಡಿಸಿ ನೋಡಿರಲೇ ಇಲ್ಲ.

ಇನ್ನೊಂದು ಈಗ ಹೊಳೆಯುತ್ತಿದೆ. ಮಗ ಬಂದ ಮೇಲೆ "ಬಾ, ಅಮ್ಮನಿಗೆ ತೊಂದರೆ ಕೊಡಬೇಡ" ಅಂತ ಮಗಳನ್ನು ಆ ಕೋಣೆಯಿಂದ ಎತ್ತಿಕೊಂಡು ಬರುತ್ತಿದ್ದವನು ನಾನೇ. ದಿನಕ್ಕೆ ಎಷ್ಟೋ ಸಲ. ಅವಳ ಲೆಕ್ಕದಲ್ಲಿ ಅಪ್ಪ ಬಂದ ಅಂದರೆ ಅಮ್ಮ ಹೋದಳು ಅಂತಲೇ ಆಗಿರಬೇಕು.

ಸಂಜೆಮಲ್ಲಿಗೆ

ಅಯ್ಯೋ, ಅಲ್ಲೇ ಇದೆ ನೋಡಿ ಗಂಟು. ನೀವು ಬೇಕಂತ ಮಾಡಿದ್ದಲ್ಲ. ಎರಡನೆಯದು ಬಂದ ಮೇಲೆ ನಮ್ಮ ಮನೆಯಲ್ಲೂ ಹೀಗೇ ಆಗಿ, ಆಮೇಲೆ ತಿರುಗಿಸಿದೆವು. ಎಳೆಯದು ಹಾಲು ಕುಡಿದು ಮುಗಿಸಿದ ತಕ್ಷಣ ಅದನ್ನು ಅಪ್ಪ ಎತ್ತಿಕೊಂಡು ಹೊರಗೆ ಹೋಗುವುದು. ದೊಡ್ಡವನಿಗೆ ಅಮ್ಮ ಸಿಗುವುದು. ಬರೀ ಇಪ್ಪತ್ತು ನಿಮಿಷ. ಅಪ್ಪ ಅಂದರೆ ಅಮ್ಮನನ್ನು ತಂದುಕೊಡುವವನು ಅಂತ ಆಯಿತು.

ಅವಳಿ ಅಪ್ಪ

ನನ್ನ ಅವಳಿ ಮಕ್ಕಳು ಹುಟ್ಟಿದ್ದು ಮೂವತ್ತೊಂದನೇ ವಾರಕ್ಕೆ. ಈಗ ಆರು ವರ್ಷ, ಮನೆ ಕಿತ್ತು ಹೋಗುವ ಹಾಗೆ ಓಡುತ್ತಾರೆ. ಆದರೆ ಆ ದಿನಗಳನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಹೆಂಡತಿ ಬೇರೆ ವಾರ್ಡಿನಲ್ಲಿ, ಎದ್ದು ಕೂರಲೂ ಆಗದ ಸ್ಥಿತಿ. ಮಕ್ಕಳು ಗಾಜಿನ ಪೆಟ್ಟಿಗೆಯಲ್ಲಿ. ನಾಲ್ಕನೇ ದಿನ ಡಾಕ್ಟರ್ ಬಂದು "ಶರ್ಟ್ ಬಿಚ್ಚಿ ಕೂರಿ" ಅಂದರು. ನನಗೆ ಅರ್ಥವಾಗಲಿಲ್ಲ. ಮಗಳನ್ನು ಬರೀ ಡೈಪರ್, ಟೋಪಿಯಲ್ಲಿ ನನ್ನ ಎದೆಯ ಮೇಲೆ ನೆಟ್ಟಗೆ ಇಟ್ಟು ಮೇಲೆ ಬಟ್ಟೆ ಸುತ್ತಿದರು. ಒಂದೂವರೆ ಕಿಲೋ ಕೂಡ ಇಲ್ಲ. ತೂಕವೇ ಗೊತ್ತಾಗುವುದಿಲ್ಲ, ಬಿಸಿ ಮಾತ್ರ ಗೊತ್ತಾಗುತ್ತದೆ. ಪಕ್ಕದ ಯಂತ್ರದಲ್ಲಿ ಅವಳ ಎದೆಬಡಿತದ ಗೆರೆ ಏರಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗೆರೆ ಸಮವಾಯಿತು. ಅವಳ ಬಾಯಿ ಒಂದು ಸಲ ಚಪ್ಪರಿಸಿತು. ನಾನು ಅಲ್ಲಾಡದೆ ಎರಡು ಗಂಟೆ ಕೂತೆ. ಕಾಲು ಜೋಮು ಹಿಡಿದದ್ದು ಎದ್ದಾಗಲೇ ಗೊತ್ತಾಗಿದ್ದು.

ಕಾಂಗರೂ ಆರೈಕೆ ಅನ್ನುತ್ತಾರೆ ಇದಕ್ಕೆ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಎಡ್ಗರ್ ರೇ ಅನ್ನುವ ಡಾಕ್ಟರ್ ಶುರು ಮಾಡಿದ್ದಂತೆ. ಅಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ, ಅದಕ್ಕೆ ಹೆತ್ತವರ ಮೈಬಿಸಿಯನ್ನೇ ಬಳಸಿದರು. ಈಗ ಲೋಕದಲ್ಲೆಲ್ಲ ಮಾಡುತ್ತಾರೆ. ಅಪ್ಪನ ಎದೆಯೂ ಆಗುತ್ತದೆ ಅನ್ನುವುದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೊಸದಾಗಿ ಅಪ್ಪ ಆಗುವವರಿಗೆ ಹೇಳುತ್ತಿದ್ದೇನೆ: ಆಸ್ಪತ್ರೆಯಲ್ಲಿ ನೀವೇ ಬಾಯಿ ಬಿಟ್ಟು ಕೇಳಿ. ದಿನ ತುಂಬಿ ಹುಟ್ಟಿದ ಮಗುವಿಗೂ ಒಳ್ಳೆಯದೇ.

ಬೆಳದಿಂಗಳು

ಅವಳಿ ಅಪ್ಪ, ಓದಿ ಕಣ್ಣು ತುಂಬಿತು. ಮಕ್ಕಳು ನೂರು ವರ್ಷ ಬಾಳಲಿ.

ಮಳೆಬಿಲ್ಲು

ಅಮ್ಮನ ಕಡೆಯಿಂದ ಒಂದು ಮಾತು. ಕಟುವಾಗಿ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

"ನಾನು ಹೆಂಡತಿಗೆ ತುಂಬಾ ಸಹಾಯ ಮಾಡುತ್ತೇನೆ" ಅಂತ ಗಂಡಸರು ಹೇಳುವಾಗ ನನಗೆ ಒಳಗೆ ಏನೋ ಚುಚ್ಚುತ್ತದೆ. ಸಹಾಯ ಅಂದರೆ ಕೆಲಸ ಬೇರೆಯವರದ್ದು ಅಂತ ಆಯಿತಲ್ವಾ? ಮೈಕೇಲ್ ಲ್ಯಾಂಬ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 1980ರ ದಶಕದಲ್ಲಿ ಅಪ್ಪನ ಪಾಲನ್ನು ಮೂರು ಭಾಗ ಮಾಡಿ ನೋಡಿದರು. ನನ್ನ ಮಾತಿನಲ್ಲಿ ಹೇಳುವುದಾದರೆ ಮಗುವಿನ ಕೆಲಸಕ್ಕೆ ತಾನೇ ಕೈ ಹಾಕುವುದು ಒಂದು, ಬೇಕಾದಾಗ ಕೈಗೆ ಸಿಗುವುದು ಇನ್ನೊಂದು, ಹೊಣೆ ಹೊರುವುದು ಮೂರನೆಯದು. ಮೊದಲನೆಯದು ಈಗ ಎಷ್ಟೋ ಅಪ್ಪಂದಿರು ಮಾಡುತ್ತಾರೆ. ಮೂರನೆಯದರಲ್ಲೇ ಇರುವುದು ಕಷ್ಟ.

ನನ್ನ ಗಂಡ ಡೈಪರ್ ಬದಲಿಸುತ್ತಿದ್ದರು. ಡೈಪರ್ ಖಾಲಿಯಾಗುತ್ತಾ ಬಂದಿದೆ ಅನ್ನುವುದು ನನ್ನ ತಲೆಯಲ್ಲಿರುತ್ತಿತ್ತು. ಲಸಿಕೆಗೆ ಕರೆದುಕೊಂಡು ಹೋಗುತ್ತಿದ್ದರು. ಯಾವ ತಾರೀಕು, ಕಾರ್ಡ್ ಎಲ್ಲಿದೆ, ಹಿಂದಿನ ಸಲ ಯಾವ ತೊಡೆಗೆ ಚುಚ್ಚಿದರು, ಜ್ವರ ಬಂದರೆ ಎಷ್ಟು ಔಷಧಿ, ಎಲ್ಲ ನನ್ನ ತಲೆಯಲ್ಲಿ. ಒಂದು ದಿನ ಕೂತು ಮಾತಾಡಿದೆವು. ಅವತ್ತಿನಿಂದ ಆಸ್ಪತ್ರೆ ವಿಷಯ ಪೂರ್ತಿ ಅವರದ್ದು. ನೆನಪಿಡುವುದೂ ಅವರೇ, ಚಿಂತೆ ಮಾಡುವುದೂ ಅವರೇ. ಮೂರು ತಿಂಗಳಿಗೆ ಅವರೇ ಬಂದು ಹೇಳಿದರು: "ಮಾಡುವುದಕ್ಕಿಂತ ನೆನಪಿಡುವುದೇ ಭಾರ, ನನಗೆ ಗೊತ್ತೇ ಇರಲಿಲ್ಲ."

ಇನ್ನು ನನ್ನ ತಪ್ಪನ್ನೂ ಹೇಳುತ್ತೇನೆ. ಅವರು ಮಗುವಿಗೆ ಬಟ್ಟೆ ಹಾಕಿದರೆ ನಾನು ಬಿಚ್ಚಿ ಬೇರೆ ಹಾಕುತ್ತಿದ್ದೆ. "ಹಾಗಲ್ಲ, ಹೀಗೆ ಹಿಡಿಯಿರಿ" ಅಂತ ಪಕ್ಕದಲ್ಲೇ ನಿಂತು ಹೇಳುತ್ತಿದ್ದೆ. ಅವರ ಕೈ ಹಿಂದೆ ಸರಿಯಿತು. ಸರಿದ ಮೇಲೆ, ಏನೂ ಮಾಡುವುದಿಲ್ಲ ಅಂತ ನಾನೇ ಬೈದೆ. ತಾಯಂದಿರು ಹೀಗೆ ಅಪ್ಪನನ್ನು ದೂರ ನಿಲ್ಲಿಸಿ ಬಾಗಿಲು ಕಾಯುವುದರ ಬಗ್ಗೆಯೂ ಅಧ್ಯಯನಗಳು ನಡೆದಿವೆ. ನಾನು ಓದಿ ಕಲಿತದ್ದಲ್ಲ. ಒಂದು ಭಾನುವಾರ ಬೆಳಗ್ಗೆ ಎದ್ದು ಆರು ಗಂಟೆ ಹೊತ್ತು ಮನೆಯಿಂದ ಹೊರಗೆ ಹೋದೆ. ಫೋನ್ ಮಾಡಲಿಲ್ಲ. ವಾಪಸ್ ಬಂದಾಗ ಮಗು ಉಲ್ಟಾ ಅಂಗಿ ಹಾಕಿಕೊಂಡು ಅಪ್ಪನ ಹೊಟ್ಟೆ ಮೇಲೆ ನಿದ್ದೆ ಮಾಡುತ್ತಿತ್ತು. ಅಂಗಿಯನ್ನು ಹಾಗೇ ಬಿಟ್ಟೆ.

ನಡುರಾತ್ರಿ

ಇಬ್ಬರು ಮಕ್ಕಳ ಅಪ್ಪನಿಗೆ ಒಂದು ಮಾತು ಹೇಳಬೇಕು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನೀವು ಬರೆದ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ಕತ್ತಲಲ್ಲಿ ನಿಂತು ಕಣ್ಣಲ್ಲಿ ನೀರು ಬಂತು, ಆಫೀಸಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ನನ್ನ ಮಗನಿಗೆ ಐದು ತಿಂಗಳಿದ್ದಾಗ ನನಗೂ ಹೀಗೇ ಶುರುವಾಯಿತು. ಮೊದಲು ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡೆ. ಆಮೇಲೆ ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಸಣ್ಣದಕ್ಕೆಲ್ಲ ರೇಗುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ಬೇಕಂತಲೇ ನಿಧಾನ ಮಾಡುತ್ತಿದ್ದೆ. ಮಗು ನಕ್ಕರೂ ಒಳಗೆ ಏನೂ ಆಗುತ್ತಿರಲಿಲ್ಲ. ಅದು ನನ್ನನ್ನು ಎಲ್ಲಕ್ಕಿಂತ ಹೆದರಿಸಿತು. ಹೆತ್ತ ಹೆಂಡತಿಗೇ ಸಂಕಟ ಜಾಸ್ತಿ, ನಾನು ಯಾವ ಬಾಯಲ್ಲಿ ಹೇಳಲಿ ಅಂತ ಸುಮ್ಮನಿದ್ದೆ.

ಕೊನೆಗೆ ಹೇಳಿದ್ದು ಅವಳೇ, "ನೀನು ನೀನಾಗಿಲ್ಲ, ಬಾ ಹೋಗೋಣ" ಅಂತ. ಹೆರಿಗೆ ನಂತರದ ಖಿನ್ನತೆ ಅಪ್ಪಂದಿರಿಗೂ ಬರುತ್ತದೆ ಅಂತ ಡಾಕ್ಟರ್ ಹೇಳಿದಾಗಲೇ ಗೊತ್ತಾಗಿದ್ದು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನಿಗೆ. ಅದರಲ್ಲೂ ಮಗುವಿಗೆ ಮೂರರಿಂದ ಆರು ತಿಂಗಳಾದಾಗ ಜಾಸ್ತಿ. ನಿಮ್ಮ ಮಗನಿಗೆ ಈಗ ನಾಲ್ಕು.

ನಿಮಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಮಗಳ ವಿಷಯಕ್ಕೆ ಮನಸ್ಸು ನೊಂದಿರಬಹುದು ಅಷ್ಟೇ. ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ಹೀಗೇ ಇದ್ದರೆ ದಯವಿಟ್ಟು ತೋರಿಸಿ. ನಾನು ಏಳು ತಿಂಗಳು ತಡ ಮಾಡಿದೆ. ಆ ಏಳು ತಿಂಗಳು ನನ್ನ ಮಗ ಹೇಗಿದ್ದ ಅಂತ ಫೋಟೋ ನೋಡಿ ತಿಳಿದುಕೊಳ್ಳಬೇಕಾಗಿದೆ.

ಇಬ್ಬರು ಮಕ್ಕಳ ಅಪ್ಪ

@ನಡುರಾತ್ರಿ, ನಿಮ್ಮ ಬರಹವನ್ನು ಹೆಂಡತಿಗೆ ಓದಿ ಹೇಳಿದೆ. ಓದುತ್ತಾ ದನಿ ನಿಂತುಹೋಯಿತು. ಅವಳೇ ಪೂರ್ತಿ ಮಾಡಿದಳು. ಬುಧವಾರ ಡಾಕ್ಟರನ್ನು ನೋಡಲು ಹೋಗುತ್ತಿದ್ದೇವೆ. ಇಷ್ಟು ಮನಸ್ಸು ಬಿಚ್ಚಿ ಬರೆದಿದ್ದಕ್ಕೆ ಋಣಿ.

ಒಬ್ಬನೇ ಅಪ್ಪ

ನಾನು ಮಗಳನ್ನು ಒಬ್ಬನೇ ಬೆಳೆಸುತ್ತಿದ್ದೇನೆ. ಅವಳಿಗೆ ನಾಲ್ಕು. ನನ್ನ ಹೆಂಡತಿ ತೀರಿಕೊಂಡಾಗ ಮಗಳಿಗೆ ಒಂದು ವರ್ಷ ಎರಡು ತಿಂಗಳು.

ಕಷ್ಟದ ಪಟ್ಟಿ ಬರೆಯುವುದಿಲ್ಲ. ಜಡೆಯ ಬಗ್ಗೆ ಹೇಳುತ್ತೇನೆ. ಅವಳ ಕೂದಲು ಗುಂಗುರು, ತುಂಬಾ ಸಿಕ್ಕು. ಮೊದಲೆಲ್ಲ ಬಾಚಣಿಗೆ ಕಂಡರೆ ಓಡಿಹೋಗುತ್ತಿದ್ದಳು. ಮೇಲಿನಿಂದ ಎಳೆಯುತ್ತಿದ್ದೆ, ಅದಕ್ಕೆ ನೋವಾಗುತ್ತಿತ್ತು. ಒಬ್ಬ ಹಿರಿಯ ಹೆಂಗಸು ತೋರಿಸಿಕೊಟ್ಟರು: ಕೂದಲನ್ನು ಸ್ವಲ್ಪ ಒದ್ದೆ ಮಾಡಿ, ಬುಡದ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡು, ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಎಳೆತ ಮುಷ್ಟಿಯಲ್ಲೇ ನಿಲ್ಲುತ್ತದೆ, ನೆತ್ತಿಗೆ ಹೋಗುವುದಿಲ್ಲ. ಈಗ ದಿನಾ ಬೆಳಗ್ಗೆ ಹತ್ತು ನಿಮಿಷ ಅವಳು ನನ್ನ ಮಂಡಿಗಳ ನಡುವೆ ಕೂರುತ್ತಾಳೆ. ಬೆನ್ನು ನನ್ನ ಕಡೆಗೆ. ಮುಖ ಕಾಣದೇ ಇರುವುದರಿಂದಲೋ ಏನೋ, ಶಿಶುವಿಹಾರದಲ್ಲಿ ಯಾರು ತಳ್ಳಿದರು, ಯಾವ ಕನಸು ಬಿತ್ತು, ಅಮ್ಮ ಎಲ್ಲಿದ್ದಾಳೆ, ಎಲ್ಲ ಆಗಲೇ ಕೇಳುತ್ತಾಳೆ. ಆ ಹತ್ತು ನಿಮಿಷ ಸಿಗದಿದ್ದರೆ ನನಗೆ ಆ ದಿನ ದಿನವೇ ಅಲ್ಲ.

ಒಂದು ವಿಷಯ ಮಾತ್ರ ಎಲ್ಲ ಅಪ್ಪಂದಿರಿಗೂ. ಮಗು ಎದುರಿಗಿದ್ದಾಗ ಫೋನ್ ಪಕ್ಕಕ್ಕಿಡಿ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನುವವರು ಒಂದು ಪ್ರಯೋಗ ಮಾಡಿದ್ದರು. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನ ಹಾಗೆ ಮಾಡಿಕೊಳ್ಳಬೇಕು. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನೂ ಬರದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ಬರೀ ಎರಡು ನಿಮಿಷದಲ್ಲಿ. ಅದರ ವಿಡಿಯೋ ನೋಡಿದ ದಿನ, ಫೋನ್ ನೋಡುವಾಗ ನನ್ನ ಮುಖ ಅವಳಿಗೆ ಹೇಗೆ ಕಾಣುತ್ತದೆ ಅಂತ ಗೊತ್ತಾಯಿತು.

ರಜೆ ಚೀಟಿ

ಎಲ್ಲ ಸರಿ, ಆದರೆ ಹೊತ್ತು ಎಲ್ಲಿದೆ ಸ್ವಾಮಿ? ಮಗು ಹುಟ್ಟಿದ ಆರನೇ ದಿನ ನಾನು ಕೆಲಸಕ್ಕೆ ಹೋದೆ. ರಜೆ ಕೇಳಿದರೆ "ಹೆತ್ತಿದ್ದು ನೀವಾ?" ಅಂದರು ಮೇಲಿನವರು. ಸುತ್ತಲೂ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮನಸ್ಸೊಂದಿದ್ದರೆ ಸಾಲದು, ನಿಯಮವೂ ಬೇಕು. ಸ್ವೀಡನ್ 1974ರಲ್ಲೇ ತಾಯಿಯ ರಜೆಯನ್ನು ಇಬ್ಬರೂ ಹಂಚಿಕೊಳ್ಳುವ ರಜೆ ಮಾಡಿತು. ಆದರೂ ಬಹುತೇಕ ಅಮ್ಮಂದಿರೇ ತೆಗೆದುಕೊಳ್ಳುತ್ತಿದ್ದರು. ನಾರ್ವೆ 1993ರಲ್ಲಿ ನಾಲ್ಕು ವಾರವನ್ನು ಅಪ್ಪನಿಗೇ ಅಂತ ಮೀಸಲಿಟ್ಟಿತು. ಅಪ್ಪ ತೆಗೆದುಕೊಳ್ಳದಿದ್ದರೆ ಆ ರಜೆ ಹೋಯಿತು, ಅಮ್ಮನಿಗೆ ಬರುವುದಿಲ್ಲ. ಅಷ್ಟೇ ಬದಲಾವಣೆ. ಕೆಲವೇ ವರ್ಷದಲ್ಲಿ ಬಹುಪಾಲು ಅಪ್ಪಂದಿರು ತೆಗೆದುಕೊಳ್ಳತೊಡಗಿದರು. ಅಪ್ಪಂದಿರಿಗೆ ಆಸೆ ಇಲ್ಲ ಅನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಏನು ಬೇಕು? ಕೇಳಿ ಬೇಡುವ ಹಾಗಿದ್ದರೆ ಯಾರೂ ಕೇಳುವುದಿಲ್ಲ. ನಿಮ್ಮದು, ತಗೊಳ್ಳಿ ಅಂದರೆ ತಗೊಳ್ಳುತ್ತಾರೆ.

ಎರಡನೇ ಮಗುವಿಗೆ ನಾನು ಹಿಂದಿನ ವರ್ಷದಿಂದಲೇ ರಜೆ ಕೂಡಿಟ್ಟೆ. ಒಂದು ತಿಂಗಳು ಮನೆಯಲ್ಲಿದ್ದೆ. ಎರಡು ಮಕ್ಕಳಲ್ಲಿ ಯಾರ ಅಳುವಿನ ಅರ್ಥ ನನಗೆ ಬೇಗ ಗೊತ್ತಾಗುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಹಳೇ ಬೇರು

ನನಗೆ ಅರವತ್ತೊಂಬತ್ತು. ಮಗಳು ಇದನ್ನು ಓದಲು ಕಳಿಸಿದಳು. ನಾನು ಬೇರೆ ಊರಿನಲ್ಲಿ ಕೆಲಸ ಮಾಡುತ್ತಿದ್ದೆ, ತಿಂಗಳಿಗೆ ಎರಡು ದಿನ ಮನೆ. ನಾನು ಬಂದಾಗ ಮಕ್ಕಳು ನನ್ನನ್ನು ತಳ್ಳುತ್ತಿರಲಿಲ್ಲ. ತುಂಬಾ ಮರ್ಯಾದೆ ಕೊಡುತ್ತಿದ್ದರು. ನಾನು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲಿಸಿ ನೆಟ್ಟಗೆ ಕೂರುತ್ತಿದ್ದರು. ಆಗ ಅದನ್ನು ಶಿಸ್ತು ಅಂದುಕೊಂಡಿದ್ದೆ.

ಈಗ ಮೊಮ್ಮಗಳು ನನ್ನ ಕನ್ನಡಕ ಕಿತ್ತುಕೊಂಡು "ತಾತ ಹೋಗು" ಅನ್ನುತ್ತಾಳೆ. ನನಗೆ ಅದು ಎಷ್ಟು ಇಷ್ಟ ಅಂತ ಹೇಳಲಾರೆ. ನಿಮ್ಮ ಮಗಳು ನಿಮ್ಮನ್ನು "ಹೋಗು" ಅನ್ನಬಲ್ಲಳು. ನನ್ನ ಮಕ್ಕಳಿಗೆ ನನ್ನ ಹತ್ತಿರ ಆ ಸಲಿಗೆ ಇರಲಿಲ್ಲ.

ನೇರ ಮಾತು

ಹಿರಿಯರು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ತಂದೆಯೂ ಹಾಗೇ ಇದ್ದರು. ಮೇಲೆ ನಾನು ಹೇಳಿದ "ಹೆಂಡತಿಗೆ ಬಿಟ್ಟುಬಿಡಿ" ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಮಗನಿಗೆ ಎಂಟು ತಿಂಗಳು. ಇವತ್ತು ಸ್ನಾನ ನಾನು ಮಾಡಿಸುತ್ತೇನೆ ಅಂದೆ. ಒದ್ದೆ ಮೈಯಲ್ಲಿ ಕೈ ಜಾರುತ್ತದೆ ಅಂತ ಹೆದರಿಕೆ. ಹೇಗೆ ಹಿಡಿಯುವುದು?

ಮಕ್ಕಳ ವಾರ್ಡಿನ ನರ್ಸಮ್ಮ

@ನೇರ ಮಾತು, ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಎಡ ಮುಂಗೈ ಮಗುವಿನ ಬೆನ್ನ ಹಿಂದಿನಿಂದ ಬಂದು, ಆ ಕಡೆಯ ಕಂಕುಳ ಕೆಳಗೆ ನಿಮ್ಮ ಬೆರಳು ರೆಟ್ಟೆಯನ್ನು ಸುತ್ತಿ ಹಿಡಿದಿರಲಿ. ನೀರು ಕೂತ ಮಗುವಿನ ಸೊಂಟಕ್ಕಿಂತ ಮೇಲೆ ಬೇಡ. ನೀರಿಗಿಳಿಸುವ ಮೊದಲು ನಿಮ್ಮ ಮೊಣಕೈಯಿಂದ ಬಿಸಿ ನೋಡಿ. ಸೋಪು, ಟವೆಲ್, ಬಟ್ಟೆ ಎಲ್ಲ ಮೊದಲೇ ಕೈಗೆಟುಕುವಲ್ಲಿ ಇರಲಿ. ಏನೇ ಮರೆತರೂ, ಬಾಗಿಲು ಬಡಿದರೂ, ಮಗುವನ್ನು ಒಂದು ಕ್ಷಣವೂ ನೀರಲ್ಲಿ ಬಿಟ್ಟು ಹೋಗಬೇಡಿ. ಎತ್ತಿಕೊಂಡೇ ಹೋಗಿ.

ಅವಳಿ ಅಪ್ಪ

ಟಬ್ಬಿನ ತಳಕ್ಕೆ ಒಂದು ಸಣ್ಣ ಟವೆಲ್ ಹಾಸಿ, ಜಾರುವುದಿಲ್ಲ. ಮತ್ತೆ ಮಾತಾಡುತ್ತಾ ಇರಿ. ಏನಾದರೂ ಸರಿ. ನಾನು ಕಾಲ್ಬೆರಳು ಎಣಿಸುತ್ತಿದ್ದೆ.

ಇಬ್ಬರು ಮಕ್ಕಳ ಅಪ್ಪ

ಐದು ವಾರ ಆಯಿತು. ಎಲ್ಲರಿಗೂ ಉತ್ತರ ಬಾಕಿ ಇತ್ತು.

ಮೊದಲು ನನ್ನ ವಿಷಯ. ಡಾಕ್ಟರನ್ನು ನೋಡಿದೆ. ಪ್ರಶ್ನೆ ಕೇಳಿದರು, ಮಾತಾಡಿಸಿದರು. ವಾರಕ್ಕೊಂದು ಸಲ ಹೋಗುತ್ತಿದ್ದೇನೆ. ರಾತ್ರಿಯನ್ನು ನಾವು ಎರಡು ಪಾಳಿ ಮಾಡಿಕೊಂಡೆವು, ಒಬ್ಬೊಬ್ಬರಿಗೂ ಒಂದೇ ಸಮ ನಾಲ್ಕೈದು ಗಂಟೆ ನಿದ್ದೆ ಸಿಗುವ ಹಾಗೆ. ಅದರಿಂದಲೇ ಅರ್ಧ ಚೇತರಿಸಿಕೊಂಡೆ.

ಮಗಳ ವಿಷಯ. ಸಂಜೆಮಲ್ಲಿಗೆ ಹೇಳಿದ ಹಾಗೆ ಮಾಡಿದೆವು. ಮಗನ ಹಾಲು ಮುಗಿದ ತಕ್ಷಣ ನಾನು ಅವನನ್ನು ಎತ್ತಿಕೊಂಡು, "ಅಮ್ಮ ಈಗ ನಿಂಗೆ" ಅಂತ ಮಗಳಿಗೆ ಹೇಳಿ ಹೊರಗೆ ಹೋಗುವುದು. ಮೊದಲ ದಿನ ಅವಳು ನಂಬಲಿಲ್ಲ. ಬಾಗಿಲವರೆಗೆ ಬಂದು, ನಾನು ನಿಜವಾಗಿ ಹೋದೆನಾ ಅಂತ ನೋಡಿ ವಾಪಸ್ ಓಡಿದಳು.

ರಾತ್ರಿ ಎದ್ದಾಗ ಎತ್ತಿಕೊಳ್ಳಲು ಹೋಗುವುದನ್ನು ಬಿಟ್ಟೆ. ಮಂಚದ ಪಕ್ಕ ನೆಲದ ಮೇಲೆ ಕೂತು, "ಅಮ್ಮ ಬೇಕು ಅಲ್ವಾ? ಗೊತ್ತು. ಅಪ್ಪ ಇಲ್ಲೇ ಕೂತಿದ್ದೀನಿ" ಅಷ್ಟೇ ಹೇಳುತ್ತಿದ್ದೆ. ಮೊದಲೆರಡು ರಾತ್ರಿ ತುಂಬಾ ಅತ್ತಳು, ಹೆಂಡತಿ ಬರಲೇಬೇಕಾಯಿತು. ಬಂದರೂ ನಾನು ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದೆ. ಒಂಬತ್ತನೇ ರಾತ್ರಿ ಅತ್ತು ಅತ್ತು ಅಳು ಸಣ್ಣದಾಯಿತು. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಹೊದಿಕೆ ಒಳಗಿಂದ ಒಂದು ಪಾದ ಬಂದು ನನ್ನ ಹೆಗಲ ಮೇಲೆ ಕೂತಿತು. ಬೆಚ್ಚಗೆ, ಅಂಗಾಲು ಸ್ವಲ್ಪ ಬೆವತಿತ್ತು. ಏನೂ ಮಾತಾಡಲಿಲ್ಲ ಅವಳು. ಪಾದ ಹಾಗೇ ಇಟ್ಟುಕೊಂಡು ನಿದ್ದೆ ಹೋದಳು. ನಾನು ಎದ್ದು ಹೋಗಲಿಲ್ಲ, ಬೆಳಗಿನವರೆಗೂ ಅಲ್ಲೇ ಒರಗಿಕೊಂಡಿದ್ದೆ.

ಈಗಲೂ ವಾರದಲ್ಲಿ ಎರಡು ಮೂರು ಸಲ "ಅಪ್ಪ ಬೇಡ" ಇದೆ. ಚಪ್ಪಲಿ ಹಾಕಲು ಬಿಡುತ್ತಾಳೆ, ಎಡಗಾಲಿಗೆ ಮಾತ್ರ. ಬಲಗಾಲಿಗೆ ಅಮ್ಮ.

ಹೋಗಬೇಕು, ಮಗ ಮಲಗಿದ್ದಾನೆ. ಅವನ ಉಗುರು ಉದ್ದವಾಗಿ ಕೆನ್ನೆ ಎಲ್ಲ ಗೀರಿಕೊಂಡಿದ್ದಾನೆ, ಈಗಲೇ ಕತ್ತರಿಸಬೇಕು. ಟಾರ್ಚ್ ತಾನೇ ಹಿಡಿಯುತ್ತೇನೆ ಅಂತ ಮಗಳು ಆಗಲೇ ಬಂದು ಪಕ್ಕ ಕೂತಿದ್ದಾಳೆ.